ಮೂರು ವರ್ಷ ಹಿಂದೆ ನಿಂತಿದ್ದ ಕಂಪ್ಯೂಟರ್

ಅಫಜಲಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಕಸ ಗುಡಿಸುವ ಸದ್ದು. ಸುವರ್ಣಾ ಅವರ ಕಂಪ್ಯೂಟರ್ ಕಸೂತಿ ಅಂಗಡಿಯ ಶಟರ್ ಅರ್ಧ ಮಾತ್ರ ಏರಿದೆ. ಅದರಡಿ ಬಗ್ಗಿ ಒಳಬಂದ ಯಶೋಧರಾ ಚಪ್ಪಲಿ ಬಿಟ್ಟು, ಹೆಗಲ ಚೀಲ ಇಳಿಸಿ, ಕಂಪ್ಯೂಟರ್ ಮುಂದೆ ಕೂಡುತ್ತಾರೆ. ಕೀಬೋರ್ಡ್ ಮಾತ್ರ ಮುಟ್ಟುವುದಿಲ್ಲ.

"ಸುವರ್ಣಕ್ಕಾ, ಇದು ಕೈ ಕೊಡೋಕಿಂತ ಮೊದ್ಲ ಏನ್ ಮಾಡಿದ್ರಿ?"

"ಏನೂ ಮಾಡಿಲ್ರಿ. ತನ್ನಷ್ಟಕ್ಕ ತಾನ ಹಿಂಗಾತು."

"ಎಲ್ಲಾರೂ ಇದನ್ನ ಹೇಳ್ತಾರ್ರಿ," ಯಶೋಧರಾ ನಗುತ್ತಾರೆ. "ಡಾಕ್ಟರ್ ಮುಂದ ಕುಂತ್ರ ನಾನೂ ಇದನ್ನ ಹೇಳ್ತೇನಿ."

ಆಗಿದ್ದು ಇಷ್ಟು. ಸುವರ್ಣಾ ಹಳೆಯ ಕಸೂತಿ ಯಂತ್ರ ಮಾರಿ ಹೊಸದು ತಂದಿದ್ದಾರೆ. ಹೊಸ ಯಂತ್ರದ ಸಾಫ್ಟ್‌ವೇರ್ ಕಂಪ್ಯೂಟರಿಗೆ ಇಳಿಯುತ್ತಿಲ್ಲ. ಪ್ರತಿ ಸಲವೂ ಅರ್ಧಕ್ಕೆ ಬಂದು, ಪ್ರಮಾಣಪತ್ರ ಸರಿ ಇಲ್ಲ ಎಂಬ ಕೆಂಪು ಪಟ್ಟಿ ತೋರಿಸಿ ನಿಲ್ಲುತ್ತದೆ. ಹವಳಗಾದ ಮದುವೆ ಮನೆಯೊಂದರ ಬ್ಲೌಸುಗಳು ಭಾನುವಾರದೊಳಗೆ ಆಗಬೇಕು. ಮದುಮಗಳು ಮೆಚ್ಚಿದ್ದು ಸುವರ್ಣಾ ತಾವೇ ಬರೆದ ಜೋಳದ ತೆನೆಯ ವಿನ್ಯಾಸವನ್ನು. ಅದು ಇರುವುದು ಇದೊಂದೇ ಕಂಪ್ಯೂಟರಿನಲ್ಲಿ. ಪೇಟೆಯ ಕಂಪ್ಯೂಟರ್ ರಿಪೇರಿ ಅಂಗಡಿಯೊಂದಕ್ಕೆ ಫೋನು ಹಚ್ಚಿದರೆ, "ಫಾರ್ಮ್ಯಾಟ್ ಹೊಡೀಬೇಕ್ರಿ, ಎಲ್ಲಾ ಹೋಗ್ತದ" ಎಂದು ಹೇಳಿ ಇಟ್ಟುಬಿಟ್ಟರು. ಆ ರಾತ್ರಿಯೇ ಸುವರ್ಣಾ ಯಶೋಧರಾ ಅವರ ನಂಬರು ಹುಡುಕಿದ್ದು.

ಆಳಂದ ತಾಲ್ಲೂಕಿನ ನಿಂಬರ್ಗಾದ ಯಶೋಧರಾ ಮೂರು ತಾಲ್ಲೂಕುಗಳ ಕಂಪ್ಯೂಟರುಗಳಿಗೆ ಬಸ್ಸಿನಲ್ಲಿ ಬರುವ ವೈದ್ಯೆ. ಝೆರಾಕ್ಸ್ ಅಂಗಡಿ, ಫೋಟೊ ಸ್ಟುಡಿಯೊ, ಟೈಪಿಂಗ್ ಕೇಂದ್ರ ಎಂದು ದಿನಕ್ಕೆ ಮೂರೋ ನಾಲ್ಕೋ ಕಡೆ ಅವರ ಚೀಲ ಇಳಿಯುತ್ತದೆ. ಮೊದಲ ಬಸ್ಸೇ ಆಗಬೇಕು. "ನಸುಕಿನ ನೆಟ್ ಅಂದ್ರ ಕೆನಿ ಇದ್ದಂಗ್ರಿ. ಊರು ಎದ್ದು ಮೊಬೈಲ್ ಹಿಡೀತಂದ್ರ ನಮಗ ಬರೇ ನೀರು ಮಜ್ಜಿಗಿ." ಕಂಡಕ್ಟರ್ ಹುಸೇನಪೀರ ಹೆಂಗಸರ ಉಚಿತ ಪ್ರಯಾಣದ ಝೀರೋ ಟಿಕೆಟ್ ಹರಿದು ಕೊಡುವಾಗ ದಿನವೂ ಕಾಡುತ್ತಾರೆ: "ಅಕ್ಕಾರ, ನಮ್ಮ ಬಸ್ಸಿಗೂ ಒಂದ್ ಅಪ್‌ಡೇಟ್ ಹಾಕ್ರಲಾ." ಇವರ ಉತ್ತರವೂ ಸಿದ್ಧ: "ಹಾಕ್ತೇನ್ರಿ. ಮುಗಿಯೋತನಾ ಬಸ್ ಬಂದ್ ಮಾಡಂಗಿಲ್ಲ ನೋಡ್ರಿ ಮತ್ತ."

ಆ ಮಾತಿನ ಹಿಂದೆ ಅನುಭವವಿದೆ. ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ ಝೆರಾಕ್ಸ್ ಅಂಗಡಿಯ ಜಗದೇವ, ಕರೆಂಟ್ ಹೋಗುವ ಹೊತ್ತಾಯಿತೆಂದು ಅಪ್‌ಡೇಟ್ ನಡುವೆಯೇ ಕಂಪ್ಯೂಟರ್ ಬಂದ್ ಮಾಡಿದ್ದರು, ಯಂತ್ರಕ್ಕೆ ಪೆಟ್ಟಾಗಬಾರದೆಂಬ ಕಾಳಜಿಯಿಂದ. ಅದು ಮತ್ತೆ ಏಳಲೇ ಇಲ್ಲ. ಅಪ್‌ಡೇಟನ್ನು ಹಿಂದಕ್ಕೆ ತೆಗೆದು ಎಬ್ಬಿಸಿ ಕೂರಿಸಿದ್ದು ಯಶೋಧರಾ.

ಇಲ್ಲಿ, ಸುವರ್ಣಾ ಅವರ ಅಂಗಡಿಯಲ್ಲಿ, ಯಶೋಧರಾ ಅವರ ಕಣ್ಣು ಪರದೆಯ ಕೆಳಮೂಲೆಗೆ ಹೋಗುತ್ತದೆ. ಅಲ್ಲಿಂದ ಗೋಡೆಯ ಕ್ಯಾಲೆಂಡರಿಗೆ.

"ನಿಮ್ಮ ಮಗಳು ಮಂಜರಿ ಈಗ ಯಾ ಕ್ಲಾಸ್ರಿ?"

"ಹತ್ತನೇತ್ತ. ಯಾಕ್ರಿ?"

"ಈ ಕಂಪ್ಯೂಟರಿನ್ಯಾಗ ಆಕಿ ಇನ್ನಾ ಏಳನೇತ್ತ ಓದಾಕತ್ತಾಳ್ರಿ."

ಸುವರ್ಣಾ ಸೆರಗು ಬಾಯಿಗೆ ಹಿಡಿದು ನಗುತ್ತಾರೆ, ಆಮೇಲೆ ಬಾಯಿ ಬಿಡುತ್ತಾರೆ. ಹಳೆಯ ಸಾಫ್ಟ್‌ವೇರ್ ತಿಂಗಳ ಮಟ್ಟಿಗೆ ಬಿಟ್ಟಿ ಸಿಕ್ಕದ್ದು. "ಅವಧಿ ಮುಗಿಯಾಕ ಬಂತಂದ್ರ ತಾರೀಕ ಹಿಂದ ಎಳೀತಿದ್ದೆ ನೋಡ್ರಿ. ಮೂರು ವರ್ಷ ಹಂಗ ನಡೀತು."

ಕೆಂಪು ಪಟ್ಟಿಯ ಗುಟ್ಟು ಅದೇ. ಹೊಸ ಸಾಫ್ಟ್‌ವೇರಿನ ಪ್ರಮಾಣಪತ್ರ ಹೋದ ವರ್ಷದ್ದು; ಮೂರು ವರ್ಷ ಹಿಂದಿರುವ ಕಂಪ್ಯೂಟರಿಗೆ ಅದು ಮುಂದೆ ಬರಲಿರುವ ಕಾಗದ. "ಇನ್ನಾ ಹುಟ್ಟಲಾರದ ಕೂಸಿನ ಆಧಾರ್ ಕಾರ್ಡ್ ತೋರ್ಸಿದ್ರ ಯಾರ್ ನಂಬ್ತಾರ್ರಿ?"

"ಹಂಗಾದ್ರ ತಾರೀಕ ಖರೇ ಮಾಡ್ರಲಾ, ಮುಗೀತು!" ಸುವರ್ಣಾ ಮೌಸಿಗೆ ಕೈ ಚಾಚುತ್ತಾರೆ. ಯಶೋಧರಾ ಆ ಕೈ ಹಿಡಿಯುತ್ತಾರೆ. ತಾರೀಕು ಮುಂದೆ ಸರಿದರೆ ಹಳೆಯ ಸಾಫ್ಟ್‌ವೇರ್ ಅವಧಿ ಮುಗಿಯಿತೆಂದು ಬೀಗ ಹಾಕಿಕೊಳ್ಳುತ್ತದೆ. ತೆನೆಯ ವಿನ್ಯಾಸ ತೆರೆಯುವುದು ಅದೊಂದರಲ್ಲೇ. ಸರಿಸದಿದ್ದರೆ ಹೊಸದು ಇಳಿಯುವುದಿಲ್ಲ.

ಯಶೋಧರಾ ಮೊದಲು ಮಾಡುವುದು ನೆಟ್ಟಿನ ವಯರು ಕೀಳುವುದು. ನೆಟ್ ಸಿಕ್ಕು ಕಂಪ್ಯೂಟರ್ ತಾನೇ ತಾರೀಕು ತಿದ್ದಿಕೊಂಡುಬಿಟ್ಟರೆ ಎಂಬ ಎಚ್ಚರ. ಆಮೇಲೆ ಹಳೆಯ ಸಾಫ್ಟ್‌ವೇರಿನಲ್ಲಿ ಒಂದೊಂದೇ ವಿನ್ಯಾಸ ತೆರೆದು, ಯಾವ ಕಸೂತಿ ಯಂತ್ರಕ್ಕೂ ತಿಳಿಯುವ ರೂಪದಲ್ಲಿ ಉಳಿಸಿ, ಪೆನ್‌ಡ್ರೈವಿಗೆ ತುಂಬುತ್ತಾರೆ. ನವಿಲು, ತೊಗರಿ ಹೂವು, ಬಳ್ಳಿ. ಕೆನೆಯ ಹೊತ್ತು ಕರಗುತ್ತಿದೆ, ಅವರಿಗೆ ಅವಸರವಿಲ್ಲ.

ಈ ನಿಧಾನ ತಾಯಿ ಮಲ್ಕಮ್ಮ ಅವರಿಂದ ಬಂದದ್ದೆನ್ನುತ್ತಾರೆ. ಮಲ್ಕಮ್ಮ ತೊಗರಿ ಹೊಲಗಳಲ್ಲಿ ಕೂಲಿ ಮಾಡಿ ಮಗಳನ್ನು ಓದಿಸಿದವರು. "ಕಳೇವು ಕೀಳಾಕ ಹೋದಾಗ ನಮ್ಮವ್ವ ಹೇಳ್ತಿದ್ಲು, ಕೈ ಹಾಕೋ ಮೊದ್ಲ ಬೆಳಿ ಯಾವ್ದು ನೋಡಬೇ ಅಂತ. ಫಾರ್ಮ್ಯಾಟ್ ಅಂದ್ರ ಕಳೇವಿನ ಕೂಡ ಬೆಳೀನೂ ಕಿತ್ತಂಗ್ರಿ." ಆಳಂದದಲ್ಲಿ ಯಶೋಧರಾ ಕಲಿಸುತ್ತಿದ್ದ ಕಂಪ್ಯೂಟರ್ ತರಬೇತಿ ಕೇಂದ್ರ ಮುಚ್ಚಿದಾಗ ಹಿಡಿದ ದಾರಿ ಇದು. ಮೊದಮೊದಲು ಅಂಗಡಿಯವರು "ಗಂಡ್ಮಕ್ಕಳು ಯಾರೂ ಬರಲಿಲ್ಲೇನ್ರಿ?" ಎಂದು ಅವರ ಬೆನ್ನ ಹಿಂದೆ ನೋಡುತ್ತಿದ್ದರಂತೆ. "ನಾನೂ ತಿರುಗಿ ನೋಡ್ತಿದ್ದೆ, ಯಾರರ ಬಂದಾರೇನೋ ಅಂತ. ಆಮ್ಯಾಲ ಕೆಲಸ ಚಾಲೂ."

ಕೊನೆಗೆ ಜೋಳದ ತೆನೆ. ಕ್ಲಿಕ್ಕಿಸಿದರೆ ಪರದೆ ಬಿಳಿಚಿಕೊಂಡು ನಿಲ್ಲುತ್ತದೆ. ಸುವರ್ಣಾ ಸ್ವಿಚ್ಚಿನತ್ತ ಸರಿಯುತ್ತಾರೆ. "ಬಂದ್ ಮಾಡಿ ಚಾಲೂ ಮಾಡೂಣೇನ್ರಿ?"

"ಬ್ಯಾಡ್ರಿ. ಅದು ಸತ್ತಿಲ್ಲ, ದುಡೀತದ. ದೀಪ ಮಿಣುಕಾಕತ್ತದ ನೋಡ್ರಿ. ನೀವು ಚಾ ಇಡ್ರಿ."

ಚಹಾ ಕುದಿಯುವಷ್ಟರಲ್ಲಿ ಪರದೆಯ ಮೇಲೆ ತೆನೆ ಬಿಚ್ಚಿಕೊಳ್ಳುತ್ತದೆ, ಕಾಳು ಕಾಳಾಗಿ. ಯಶೋಧರಾ ಅದನ್ನೂ ಉಳಿಸಿ, ತಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆಯೇ ತಾರೀಕು ಇಂದಿಗೆ ಬರುತ್ತದೆ, ನೆಟ್ಟಿನ ವಯರು ಮತ್ತೆ ತನ್ನ ಜಾಗಕ್ಕೆ ಸೇರುತ್ತದೆ. ಯಶೋಧರಾ ಹೇಳಿದಂತೆಯೇ ಹಳೆಯ ಸಾಫ್ಟ್‌ವೇರ್ ಬೀಗ ಹಾಕಿಕೊಳ್ಳುತ್ತದೆ. ಹೊಸದು ಕೆಂಪು ಪಟ್ಟಿಯ ಜಾಗ ದಾಟಿ, ಕೊನೆಯವರೆಗೆ ಓಡಿ, ತೆನೆಯನ್ನು ತೆರೆಯುತ್ತದೆ. ಸುವರ್ಣಾ ಕೆಂಪು ಬಟ್ಟೆಯ ಚೂರೊಂದನ್ನು ಬಿಗಿದು ಗುಂಡಿ ಒತ್ತುತ್ತಾರೆ. ಸೂಜಿ ಟಕಟಕನೆ ಹೊರಡುತ್ತದೆ.

"ಭಾನುವಾರ ತನಾ ಯಾಕ, ನಾಳಿದ್ದ ಕೊಡ್ತೇನಿ ಜಂಪರ್," ಎಂದು ಸುವರ್ಣಾ ಆಗಲೇ ಹವಳಗಾಕ್ಕೆ ಫೋನು ಹಚ್ಚಿದ್ದಾರೆ.

ಈ ಕೆಲಸದಲ್ಲಿ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಯಶೋಧರಾ ಚೀಲ ಕಟ್ಟುತ್ತ ಹೇಳುತ್ತಾರೆ: "ಹೋದ ಕಡಿಗೆ ಅದ ಕೆಲಸಕ್ಕ ಎರಡನೇ ಸಲ ಕರೀಬಾರ್ದ್ರಿ. ಮಾತಾಡ್ಸಾಕ ಬೇಕಾದ್ರ ಕರೀಲಿ."

ಅಷ್ಟರಲ್ಲಿ ಸುವರ್ಣಾ ಆ ಚೀಲ ಕಸಿದುಕೊಳ್ಳುತ್ತಾರೆ. "ತಡೀರಿ, ಹೊಸ ಯಂತ್ರದಿಂದ ಇದರ ಮ್ಯಾಲ ನಿಮ್ಮ ಹೆಸರು ಹಾಕ್ತೇನಿ."

"ಹೆಸರು ಬ್ಯಾಡ್ರಿ," ಬಾಗಿಲಲ್ಲಿ ನಿಂತ ಯಶೋಧರಾ ನಗುತ್ತಾರೆ. "ಇವತ್ತಿನ ತಾರೀಕ ಹಾಕ್ರಿ. ಮೂರು ವರ್ಷದಾಗ ನಿಮ್ಮ ಕಂಪ್ಯೂಟರ್ ಮೊದ್ಲ ಸಲ ಒಂದ್ ಖರೇ ತಾರೀಕ ಬರೆದದ್ದು ನನ್ನ ಚೀಲದ ಮ್ಯಾಲ ಇರ್ಲಿ."