ಬಾಣಂತಿ ಕಾಲಲ್ಲಿ ಹೆಪ್ಪು

ಸ್ನೇಹಿತರೇ, ನನ್ನ ಕಾಲಿನೊಳಗೆ ಮೊಸರಿದೆ ಎಂದು ನಮ್ಮಮ್ಮ ಇವತ್ತು ತೀರ್ಪು ಕೊಟ್ಟಳು.

ಹೆರಿಗೆಯಾಗಿ ಹದಿನೇಳು ದಿನ. ಗವಿಪುರದ ತವರುಮನೆಯಲ್ಲಿ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಮಂಚದಿಂದ ಇಳಿಯುವಂತಿಲ್ಲ. ಬೆಳಿಗ್ಗೆ ನೋಡಿದರೆ ಎಡಗಾಲು ಊದಿಕೊಂಡು ಬೂದುಗುಂಬಳವಾಗಿತ್ತು. ಅದೇ ವೇಷದಲ್ಲಿ ಚಾಮರಾಜಪೇಟೆಯ ಸ್ಕ್ಯಾನಿಂಗ್ ಸೆಂಟರಿಗೆ ಓಡಿದೆವು. ಡಾಕ್ಟರು ಕಾಲಿಗೆ ಜೆಲ್ ಹಚ್ಚಿದ್ದೇ ತಡ, ಅಮ್ಮ ಗುಡುಗಿದಳು. "ಬಾಣಂತಿಗೆ ಇಷ್ಟು ತಣ್ಣಗಿರೋದು ಹಚ್ತೀರಲ್ರೀ!"

ಡಾಕ್ಟರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಶ್ವಾಸಕೋಶಕ್ಕೆ ಹೋದ್ರೆ ಪ್ರಾಣಕ್ಕೇ ಅಪಾಯ. ಇವತ್ತೇ ಇಂಜೆಕ್ಷನ್ ಶುರು ಮಾಡ್ಬೇಕು."

ಅಮ್ಮನ ಮುಖ ಬಿಳಿಚಿತು, ಬಾಯಿ ಮಾತ್ರ ನಿಲ್ಲಲಿಲ್ಲ. "ಮೊನ್ನೆ ಕದ್ದು ಮೊಸರನ್ನ ತಿಂದ್ಯಲ್ಲ, ಹೆಪ್ಪುಗಟ್ಟದೆ ಇನ್ನೇನಾಗುತ್ತೆ?"

"ಮೊಸರಿಂದ ಅಲ್ಲಮ್ಮ," ಎಂದರು ಡಾಕ್ಟರು. "ಹೆರಿಗೆ ಆದ್ಮೇಲೆ ಈ ಅಪಾಯ ಇದ್ದೇ ಇರುತ್ತೆ. ಅಲ್ಲಾಡದೆ ಮಲಗಿದ್ರೆ ಇನ್ನೂ ಜಾಸ್ತಿ."

ನಾನು ಬಿಡಲಿಲ್ಲ. "ಕೇಳಿಸ್ತಾಮ್ಮ? ಹೆಪ್ಪು ಹಾಕಿದ ಪಾತ್ರೆ ಥರ ಬಟ್ಟೆ ಸುತ್ತಿ, ಅಲ್ಲಾಡದ ಹಾಗೆ ನನ್ನ ಮೂಲೇಲಿ ಇಟ್ಟಿದ್ದು ಯಾರು?"

ಮೊದಲ ಇಂಜೆಕ್ಷನ್ ಆಯಿತು. ಮೊಸರಿನ ಮೇಲಿನ ಕೇಸನ್ನು ಮಾತ್ರ ಅಮ್ಮ ಇನ್ನೂ ವಾಪಸ್ ತೆಗೆದುಕೊಂಡಿಲ್ಲ.