ಆಷಾಢದ ಮಾತ್ರೆ

ಕಳೆದ ವರ್ಷ ಶ್ರಾವಣದ ಮೊದಲ ದಿನ ನನ್ನ ಭಾವ ರಕ್ತದೊತ್ತಡದ ಮಾತ್ರೆ ನಿಲ್ಲಿಸಿದರು. ಹಿಂದಿನ ದಿನ ಭೀಮನ ಅಮಾವಾಸ್ಯೆ. ನಂದಿನಿ ಲೇಔಟ್‌ನ ಮನೆಯಲ್ಲಿ ಅಕ್ಕ ಅವರ ಪಾದ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿದ್ದಳು. ಆ ದಿನ ಊಟವಾದ ಮೇಲೆ ಅವರು ಮಾತ್ರೆ ನುಂಗಿದ್ದರು. ಮರುದಿನ ನುಂಗಲಿಲ್ಲ. ಶೀಟಿನಲ್ಲಿ ಮಾತ್ರೆಗಳು ಉಳಿದೇ ಇದ್ದವು.

ನನಗೆ ಇದು ಗೊತ್ತಾದದ್ದು ವರಮಹಾಲಕ್ಷ್ಮಿ ಹಬ್ಬದ ದಿನ. ಅಡುಗೆಮನೆಯಲ್ಲಿ ಅಕ್ಕ ಒಬ್ಬಟ್ಟು ತಟ್ಟುತ್ತಿದ್ದಳು, ನಾನು ಬೇಯಿಸುತ್ತಿದ್ದೆ. ಭಾವ ಮುಂದಿನ ಕೋಣೆಯಲ್ಲಿ ನಾದಸ್ವರ ಅಭ್ಯಾಸ ಮಾಡುತ್ತಿದ್ದರು. ಆಷಾಢದಲ್ಲಿ ನಾನು ಬಂದಾಗೆಲ್ಲ ಅವರು ಒಂದು ವಾಕ್ಯ ಮುಗಿಸುವುದರೊಳಗೆ ಎರಡು ಸಲ ಕೆಮ್ಮುತ್ತಿದ್ದರು. ಈಗ ಕೆಮ್ಮಿನ ಸದ್ದಿರಲಿಲ್ಲ.

"ಭಾವನ ಕೆಮ್ಮು ಹೋಯ್ತಾ?" ಎಂದೆ.

"ಮಾತ್ರೆ ಬಿಟ್ರೆ ಹೋಗುತ್ತೆ ಕಣೇ."

"ಯಾವ ಮಾತ್ರೆ?"

"ಬಿಪಿದು. ಆಷಾಢ ಮುಗೀತಲ್ಲ." ಅಕ್ಕ ತಲೆ ಎತ್ತಲಿಲ್ಲ. "ಉರಿ ಸಣ್ಣ ಮಾಡು, ಸೀದು ಹೋಗುತ್ತೆ."

ಭಾವ ನಾದಸ್ವರ ನುಡಿಸುವವರು. ಅವರ ತಂದೆಯೂ ಅದನ್ನೇ ಮಾಡುತ್ತಿದ್ದರು. ರಾಜಾಜಿನಗರದಿಂದ ಕೆಂಗೇರಿಯವರೆಗಿನ ಕಲ್ಯಾಣ ಮಂಟಪಗಳಲ್ಲಿ ಅವರ ಮೇಳಕ್ಕೆ ಕರೆ ಇತ್ತು. ಮದುವೆಯಲ್ಲಿ ತಾಳಿ ಕಟ್ಟುವ ಗಳಿಗೆಗೆ ಪುರೋಹಿತರು ಕೈ ಎತ್ತುತ್ತಾರೆ. ಕೂಡಲೇ ನಾದಸ್ವರ, ಡೋಲು ಎರಡೂ ಏರಿದ ದನಿಯಲ್ಲಿ ಒಟ್ಟಿಗೆ ಮೊಳಗಬೇಕು. ಅದು ಗಟ್ಟಿಮೇಳ. ಆ ಗಳಿಗೆಯಲ್ಲಿ ಯಾರದೇ ಸೀನು, ಕೆಮ್ಮು, ಅಪಶಬ್ದ ವಧೂವರರ ಕಿವಿಗೆ ಬೀಳಬಾರದು ಎಂಬುದೇ ಅದರ ಉದ್ದೇಶ.

ಕೆಲವು ವರ್ಷಗಳ ಹಿಂದೆ ಬಸವೇಶ್ವರನಗರದಲ್ಲಿ ನಮ್ಮ ಮನೆಯ ಹತ್ತಿರವೇ ಇರುವ ಡಾಕ್ಟರು ಅವರಿಗೆ ಬಿಪಿ ಇದೆ ಎಂದು ಮಾತ್ರೆ ಬರೆದುಕೊಟ್ಟರು. ಕೆಲವೇ ವಾರಗಳಲ್ಲಿ ಒಣ ಕೆಮ್ಮು ಶುರುವಾಯಿತು. ಮೆಣಸಿನ ಕಷಾಯ, ಅರಿಶಿನದ ಹಾಲು, ಜ್ಯೇಷ್ಠಮಧು ಎಲ್ಲವೂ ಆದವು. ಒಂದು ಮದುವೆಯಲ್ಲಿ ಗಟ್ಟಿಮೇಳದ ನಡುವೆಯೇ ಕೆಮ್ಮು ನುಗ್ಗಿ ನಾದಸ್ವರ ನಿಂತುಹೋಯಿತು. ಡೋಲು ಮಾತ್ರ ಕೇಳಿಸಿತು, ಅದರ ಮೇಲೆ ಭಾವನ ಕೆಮ್ಮು. ವರನ ಸೋದರತ್ತೆ ಊಟಕ್ಕೆ ಕೂರಲಿಲ್ಲ. ಆ ಮಂಟಪದವರು ಆ ಸೀಸನ್ ಪೂರ್ತಿ ಇವರನ್ನು ಕರೆಯಲಿಲ್ಲ.

ಆಮೇಲೆ ಒಮ್ಮೆ ಊರಿಗೆ ಹೋಗುವಾಗ ಮಾತ್ರೆ ಮನೆಯಲ್ಲೇ ಮರೆತರು. ಕೆಮ್ಮು ಇಳಿಯಿತು. ಮರಳಿ ಬಂದು ನುಂಗತೊಡಗಿದ ಮೇಲೆ ಮತ್ತೆ ಬಂತು. ಕೆಮ್ಮಿಗೆ ಮಾತ್ರೆಯೇ ಕಾರಣ ಎಂದು ಭಾವ ಯಾರನ್ನೂ ಕೇಳದೆ ಕಂಡುಕೊಂಡರು. ಅದು ಸರಿಯಾಗಿತ್ತು. ಅದಕ್ಕೆ ಅವರು ಮಾಡಿಕೊಂಡ ವ್ಯವಸ್ಥೆ ಇದು: ಮದುವೆಗಳಿಲ್ಲದ ಆಷಾಢ ಮತ್ತು ಧನುರ್ಮಾಸದಲ್ಲಿ ಮಾತ್ರೆ, ಉಳಿದ ತಿಂಗಳು ಇಲ್ಲ. ಡಾಕ್ಟರ ಹತ್ತಿರ ಹೋಗಲು ಬಿಡುವು ಸಿಗುತ್ತಿದ್ದುದೂ ಆ ಎರಡು ತಿಂಗಳಲ್ಲೇ. ಆಗೆಲ್ಲ ಅವರು ಮಾತ್ರೆಯ ಮೇಲಿರುತ್ತಿದ್ದರು. ಬಿಪಿ ಹತೋಟಿಯಲ್ಲಿರುತ್ತಿತ್ತು. ಕೆಮ್ಮಿನ ಮಾತು ಅವರು ಎತ್ತುತ್ತಿರಲಿಲ್ಲ. ಎದುರಿಗೇ ಕೆಮ್ಮು ಬಂದರೆ ಥಂಡಿ ಎನ್ನುತ್ತಿದ್ದರು. ಡಾಕ್ಟರು ಅದೇ ಮಾತ್ರೆ ಮುಂದುವರಿಸುತ್ತಿದ್ದರು.

ನಾನು ಪತ್ರಿಕೆಯೊಂದರಲ್ಲಿ ಉಪಸಂಪಾದಕಿ. ಆರೋಗ್ಯದ ಪುಟ ನನ್ನ ಮೇಜಿನಿಂದಲೇ ಅಚ್ಚಿಗೆ ಹೋಗುತ್ತದೆ. ಬಿಪಿ ಮಾತ್ರೆಯನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಬಾರದು ಎಂಬ ವಾಕ್ಯವನ್ನು ಎಷ್ಟೋ ಸಲ ತಿದ್ದಿ ಕಳಿಸಿದ್ದೇನೆ. ಹಬ್ಬದ ಊಟವಾದ ಮೇಲೆ ಭಾವನಿಗೂ ಅದನ್ನೇ ಹೇಳಿದೆ.

"ನಿನ್ ಪೇಜು ನಾನೂ ಓದ್ತೀನಿ ಪೇಪರಮ್ಮ," ಎಂದರು. ನನ್ನನ್ನು ಅವರು ಕರೆಯುವುದೇ ಹಾಗೆ. "ಉಪ್ಪು ಕಮ್ಮಿ ಮಾಡಿ, ವಾಕಿಂಗ್ ಮಾಡಿ, ಕೋಪ ಮಾಡ್ಕೋಬೇಡಿ. ಓಲಗದೋರು ಏನ್ ಮಾಡ್ಬೇಕು ಅಂತ ಒಂದಿನಾನೂ ಬರ್ದಿಲ್ಲ."

"ಡಾಕ್ಟರ್‌ಗೆ ಕೆಮ್ಮಿನ ವಿಷ್ಯ ಹೇಳಿ ಭಾವ. ಬೇರೆ ಮಾತ್ರೆ ಇರುತ್ತೆ."

"ಹೇಳಿದ್ರೆ, ಏನ್ ಕೆಲಸ ಮಾಡ್ತೀರ ಅಂತ ಕೇಳ್ತಾರೆ. ಊದೋದು ಅಂದ್ರೆ, ಬಿಟ್ಬಿಡಿ ಅಂತಾರೆ. ನಮ್ಮಣ್ಣಂಗೆ ಹಂಗೇ ಅಂದ್ರು. ಬಿಟ್ಟ. ಆಮೇಲಿಂದ ಅವನನ್ನ ಮದ್ವೆಗೆ ಕರೆದಿದ್ದು ಊಟಕ್ಕೆ ಮಾತ್ರ."

"ಹಾಗಾದ್ರೆ ಡಾಕ್ಟರ್‌ಗೆ ಏನು ಹೇಳಿದೀರ?"

"ಬಿಸಿನೆಸ್ ಅಂದಿದೀನಿ."

ಅಕ್ಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ನಾನು ಹೇಳಿ ಹೇಳಿ ಸಾಕಾಯ್ತು. ನಿನ್ ಮಾತಾದ್ರೂ ಕೇಳ್ತಾರೇನೋ ಅಂತ ಇವತ್ತು ಬಾಯಿಬಿಟ್ಟೆ," ಎಂದಳು.

"ನೀನೇ ಹಾಕಿದ ಅರ್ಜಿನಾ ಇದು?" ಎಂದು ಭಾವ ನಕ್ಕರು.

ಮರುದಿನ ನಾನು ಡಾಕ್ಟರನ್ನು ಕಂಡೆ. ವಯಸ್ಸಾದ ಹೆಂಗಸು, ಮಾತು ಕಡಿಮೆ.

"ನಾದಸ್ವರಾನಾ? ನನಗೆ ಬಿಸಿನೆಸ್ ಅಂದಿದ್ರಲ್ಲಮ್ಮ." ಆಮೇಲೆ ಕೆಮ್ಮಿನ ಮಾತಿಗೆ ಬಂದರು. "ಈ ಮಾತ್ರೆಗೆ ಕೆಲವರಿಗೆ ಒಣ ಕೆಮ್ಮು ಬರುತ್ತೆ. ಗೊತ್ತಿರೋ ವಿಷಯಾನೇ. ಬದಲಾಯಿಸಬಹುದು. ಬೇಕು ಅಂದಾಗ ತಗೊಂಡು, ಬೇಡ ಅಂದಾಗ ಬಿಡೋದು ಮಾತ್ರ ಅಪಾಯ. ಕರ್ಕೊಂಡು ಬನ್ನಿ."

"ನೀವು ಬರ್ಕೊಟ್ರೆ ನಾನೇ ತಗೊಂಡು ಹೋಗಿ ಕೊಡ್ತೀನಿ."

"ನೋಡ್ದೆ ಹೇಗೆ ಬರೀಲಿ? ಈಗ ಬಿಪಿ ಎಷ್ಟಿದೆಯೋ, ಕಿಡ್ನಿ ಹೇಗಿದೆಯೋ. ರಕ್ತ ಪರೀಕ್ಷೆ ಮಾಡಿಸ್ಬೇಕು. ಊದೋದರ ಬಗ್ಗೆನೂ ನೋಡಿದ ಮೇಲೇ ಹೇಳೋಕಾಗೋದು. ನೋಡ್ದೆ ಬಿಡಿ ಅನ್ನಲ್ಲ ಅಂತ ಅವರಿಗೆ ಹೇಳಿ."

ಹೇಳಿದೆ. ಭಾವ ಪೂರ್ತಿ ಕೇಳಿಸಿಕೊಂಡರು. ಹೊಸ ಮಾತ್ರೆಯಿಂದ ಇನ್ನೇನಾದರೂ ಬಂದರೆ, ತಲೆ ಸುತ್ತಿದರೆ, ಎಂದು ಕೇಳಿದರು. ಬರುವುದಿಲ್ಲ ಎಂದು ಹೇಳಲು ನನ್ನಿಂದ ಆಗಲಿಲ್ಲ. "ಸೀಸನ್ ಮಧ್ಯದಲ್ಲಿ ಬೇಡ," ಎಂದರು. ಡಾಕ್ಟರು ಕೂರುವುದು ಬೆಳಿಗ್ಗೆ ಮತ್ತು ಸಂಜೆ. ಭಾವ ಬೆಳಿಗ್ಗೆ ಮುಹೂರ್ತದಲ್ಲಿ, ಸಂಜೆ ಆರತಕ್ಷತೆಯಲ್ಲಿ ಇರುತ್ತಿದ್ದರು. ಒಮ್ಮೆ, "ಆ ಬೇರೆ ಮಾತ್ರೆ ಹೆಸರೇನು? ಮೆಡಿಕಲ್ ಶಾಪಲ್ಲಿ ನೀನೇ ತಗೊಂಬಾ, ನುಂಗ್ತೀನಿ," ಎಂದರು. ಆಗದು ಎಂದೆ. "ನೋಡು ಮತ್ತೆ, ನೀನೇ ಬೇಡ ಅಂತೀಯ," ಎಂದು ಕೈ ಚೆಲ್ಲಿದರು.

ಭಾದ್ರಪದದಲ್ಲಿ ಪಿತೃಪಕ್ಷ ಬಂತು. ಆ ಹದಿನೈದು ದಿನ ಮದುವೆಗಳಿರುವುದಿಲ್ಲ. ನಾನು ಡಾಕ್ಟರ ಬಳಿ ಸಮಯ ಕೇಳಿಟ್ಟು ಫೋನ್ ಮಾಡಿದೆ. ಅಕ್ಕ ಎತ್ತಿದಳು.

"ಪಕ್ಷದಲ್ಲಿ ಹೊಸ ಔಷಧಿ ಶುರು ಮಾಡೋದಾ? ಬೇಡ ಅಂತಿದಾರೆ ಕಣೇ."

"ಹಳೇದನ್ನಾದ್ರೂ ತಗೊಳ್ಳಲಿ."

"ಈಗ ತಗೊಂಡ್ರೆ ನವರಾತ್ರಿಗೆ ಕೆಮ್ಮು ಹತ್ಕೊಳ್ಳುತ್ತಂತೆ. ದೇವಸ್ಥಾನದ ಕಾರ್ಯಕ್ರಮ ಒಪ್ಕೊಂಡಿದಾರೆ." ಆಮೇಲೆ ದನಿ ತಗ್ಗಿಸಿದಳು. "ನಾನು ಸಾರಿಗೆ ಉಪ್ಪು ಕಮ್ಮಿ ಹಾಕ್ತಿದೀನಿ. ಅಷ್ಟೇ ನನ್ ಕೈಲಾಗೋದು."

ನವರಾತ್ರಿಯಾದ ಮೇಲೆ ಒಂದು ಭಾನುವಾರ ನಮ್ಮ ಮನೆಯ ಬಿಪಿ ಯಂತ್ರ ತೆಗೆದುಕೊಂಡು ಹೋದೆ. ಭಾವ ಬೇಡ ಎನ್ನಲಿಲ್ಲ. ತೋಳು ಕೊಟ್ಟು ಕೂತರು. ಮೇಲಿನ ಅಂಕಿ ನೂರ ಎಂಬತ್ತನ್ನು ದಾಟಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದೆ. ಹೆಚ್ಚು ಇಳಿದಿರಲಿಲ್ಲ.

"ತಲೆನೋವು ಇದ್ಯಾ?"

"ಏನೂ ಇಲ್ಲ. ಅದೇ ನಾನು ಹೇಳೋದು. ಮಾತ್ರೆ ತಗೊಂಡಾಗಲೇ ನಾನು ಕಾಯಿಲೆಯವನು. ಬಿಟ್ಟಾಗ ಚೆನ್ನಾಗಿರ್ತೀನಿ."

ಫೋನಿನಲ್ಲಿ ಅಂಕಿ ಹೇಳಿದಾಗ ಡಾಕ್ಟರು, ಇವತ್ತೇ ಬನ್ನಿ, ಕಾಯುತ್ತೇನೆ ಎಂದರು. ಭಾವ ಅಂಗಿ ಹಾಕಿಕೊಂಡರು. ಅಷ್ಟರಲ್ಲಿ ಭಾವನ ಮೇಳದ ಡೋಲಿನವರು ವ್ಯಾನ್ ತಂದು ಬಾಗಿಲಲ್ಲಿ ನಿಲ್ಲಿಸಿದರು. ಅವರೂ ಭಾವನೂ ಚಿಕ್ಕಂದಿನಿಂದ ಜೊತೆಗೆ ನುಡಿಸುತ್ತ ಬಂದವರು. ಶ್ರೀಗಂಧದ ಕಾವಲ್‌ನಲ್ಲಿ ವರಪೂಜೆಯ ಕಾರ್ಯಕ್ರಮವಿತ್ತು. ಭಾವ ನನ್ನ ಮುಖ ನೋಡಿದರು. "ಧನುರ್ಮಾಸ ಬರ್ಲಿ. ಮೊದಲ್ನೇ ದಿನಾನೇ ಹೋಗೋಣ. ನಿನ್ನಾಣೆ," ಎಂದು ವ್ಯಾನ್ ಹತ್ತಿದರು. ಅಕ್ಕ ಗೇಟಿನ ತನಕ ಹೋದಳು. ನಾನು ಯಂತ್ರದ ಪಟ್ಟಿ ಸುತ್ತಿಕೊಂಡು ಅಲ್ಲೇ ನಿಂತಿದ್ದೆ.

ಕಾರ್ತಿಕದಲ್ಲಿ ನನ್ನ ಸಹೋದ್ಯೋಗಿಯ ಮಗಳ ಮದುವೆ ವಿಜಯನಗರದಲ್ಲಾಯಿತು. ಅಲ್ಲಿ ನುಡಿಸಿದ್ದು ಭಾವನ ಮೇಳ. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಅಂತರಪಟ ಸರಿಯಿತು. "ಗಟ್ಟಿಮೇಳ, ಗಟ್ಟಿಮೇಳ!" ಎಂದು ಯಾರೋ ಕೂಗಿದರು. ಎಲ್ಲರೂ ಎದ್ದು ವೇದಿಕೆಯ ಕಡೆ ಅಕ್ಷತೆ ಎಸೆದರು. ನಾನು ಪಕ್ಕದ ಜಗಲಿಯನ್ನೇ ನೋಡುತ್ತಿದ್ದೆ. ಭಾವನ ಕೆನ್ನೆಗಳು ಉಬ್ಬಿದ್ದವು. ಕಣ್ಣು ಮುಚ್ಚಿತ್ತು. ಕಿವಿಯ ಮುಂದಿನ ನರ ಎದ್ದು ಕಾಣುತ್ತಿತ್ತು. ತಾಳಿಯ ಮೂರನೆಯ ಗಂಟು ಬೀಳುವವರೆಗೆ ಅವರು ಉಸಿರು ಬಿಡಲಿಲ್ಲವೇನೋ ಎಂಬಂತೆ ನಾದ ತುಂಡಾಗದೆ ಸಾಗಿತು. ನನ್ನ ಮುಷ್ಟಿಯಲ್ಲಿದ್ದ ಅಕ್ಷತೆ ಅಲ್ಲೇ ಉಳಿಯಿತು.

ಆಮೇಲೆ ಹೊರಗೆ ಸಿಕ್ಕಾಗ ಟವೆಲಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. "ಏನ್ ಪೇಪರಮ್ಮ, ನೋಡಿದ್ಯಾ? ಒಂದ್ ಕೆಮ್ಮು ಬಂತಾ?" ಎಂದರು.

ಅದೇ ತಿಂಗಳ ಕೊನೆಯ ವಾರ ನಾಗರಬಾವಿಯ ಒಂದು ಮಂಟಪದಲ್ಲಿ ಮುಹೂರ್ತ ಮುಗಿಸಿ ಮೇಳದವರು ಊಟಕ್ಕೆ ಕೂತರು. ನಾನು ಅಲ್ಲಿರಲಿಲ್ಲ. ಡೋಲಿನವರು ಹೇಳಿದ್ದನ್ನು ಬರೆಯುತ್ತಿದ್ದೇನೆ. ಭಾವ ಪಾಯಸ ಕುಡಿಯುತ್ತಿದ್ದರು. ಅದು ಬಾಯಿಯ ಬಲಗಡೆಯಿಂದ ಇಳಿದು ಅಂಗಿಯ ಮೇಲೆ ಬಿತ್ತು.

"ಏನ್ ಯಜಮಾನ್ರೇ, ಜೇಬಿಗೂ ಬಡಿಸ್ಕೋತಾ ಇದೀರಾ?" ಎಂದು ಡೋಲಿನವರು ತಮಾಷೆ ಮಾಡಿದರು. ಸಾಲಿನಲ್ಲಿದ್ದವರು ನಕ್ಕರು. ಭಾವ ಏನೋ ಉತ್ತರ ಕೊಟ್ಟರು. ಮಾತು ತಿಳಿಯಲಿಲ್ಲ. ಅನ್ನಕ್ಕೆ ಚಾಚಿದ ಬಲಗೈ ಎಲೆಯ ಮೇಲೆಯೇ ನಿಂತುಬಿಟ್ಟಿತು.

ಗ್ಯಾಸ್ ಇರಬೇಕು ಎಂದು ಒಬ್ಬರು ಸೋಡಾ ತಂದರು. ಗಟ್ಟಿಮೇಳ ಜೋರಾಗಿ ಊದಿದ್ದಕ್ಕೆ ಸುಸ್ತಾಗಿದೆ, ಸ್ವಲ್ಪ ಮಲಗಲಿ ಎಂದು ಇನ್ನೊಬ್ಬರು ಹೇಳಿದರು. ವರನ ಕೋಣೆಯಲ್ಲಿ ಮಲಗಿಸಿ ಫ್ಯಾನ್ ಹಾಕಿದರು. ಡೋಲಿನವರು ಕೈ ತೊಳೆದು ಬಂದು ನೋಡಿದಾಗ ಮುಖ ಒಂದು ಕಡೆಗೆ ಎಳೆದುಕೊಂಡಿತ್ತು. ಅವರೇ ಎತ್ತಿಸಿ ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ನಾನು ತಲುಪಿದಾಗ ತುರ್ತು ಚಿಕಿತ್ಸೆಯ ಬಾಗಿಲ ಬಳಿ ಅಕ್ಕ ನಿಂತಿದ್ದಳು. ಎದುರಿಗೆ ಚಿಕ್ಕ ವಯಸ್ಸಿನ ಡಾಕ್ಟರು.

"ಬಿಪಿಗೆ ಮಾತ್ರೆ ತಗೋತಾರಾಮ್ಮ?"

"ತಗೋತಾರೆ."

"ರೆಗ್ಯುಲರ್ ಆಗಿ?"

"ಆಷಾಢದಲ್ಲಿ ತಗೋತಾರೆ. ಧನುರ್ಮಾಸದಲ್ಲೂ."

ಆತ ಬರೆಯುವುದನ್ನು ನಿಲ್ಲಿಸಿ, "ಅಂದ್ರೆ?" ಎಂದ. ಅಕ್ಕ ನನ್ನ ಕಡೆ ತಿರುಗಿದಳು. ಎಲ್ಲವನ್ನೂ ಮೊದಲಿನಿಂದ ನಾನೇ ಹೇಳಿದೆ. ಆತ ಕೇಳಿಸಿಕೊಂಡು, "ಮಾತ್ರೆ ಬದಲಾಯಿಸಿದ್ರೆ ಆಗ್ತಿತ್ತಲ್ಲ ಮೇಡಂ," ಎಂದ. ಹೌದು ಎಂದೆ.

ಮಿದುಳಿನ ಎಡಭಾಗದಲ್ಲಿ ಸಣ್ಣ ರಕ್ತನಾಳವೊಂದು ಒಡೆದಿದೆ ಎಂದು ಸ್ಕ್ಯಾನ್ ನೋಡಿ ಹೇಳಿದರು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಮನೆಗೆ ಕಳಿಸುವಾಗ ಬೇರೆ ಮಾತ್ರೆ ಬರೆದುಕೊಟ್ಟರು. ಅದನ್ನು ಅಕ್ಕ ಪ್ರತಿದಿನ ಬೆಳಿಗ್ಗೆ ತಿಂಡಿಯಾದ ಮೇಲೆ ಕೊಡುತ್ತಾಳೆ. ಒಂದು ದಿನ ಮರೆತದ್ದು ಸಂಜೆ ನೆನಪಾಯಿತು. ನಾಳೆ ಎರಡು ಕೊಡಲೇ ಎಂದು ಗಾಬರಿಯಲ್ಲಿ ನನಗೆ ಫೋನ್ ಮಾಡಿದಳು. ಡಾಕ್ಟರನ್ನು ಕೇಳಿದೆವು. ಎರಡು ಬೇಡ, ನಾಳೆ ಎಂದಿನಂತೆ ಒಂದೇ ಎಂದರು.

ಭಾವನ ಕಾಲಿಗೆ ತೊಂದರೆಯಾಗಿರಲಿಲ್ಲ. ಮಾತು ಸಂಕ್ರಾಂತಿಯ ಹೊತ್ತಿಗೆ ಮುಕ್ಕಾಲು ಪಾಲು ಸ್ಪಷ್ಟವಾಯಿತು. ಬೆರಳುಗಳೂ ಆಡುತ್ತಿವೆ. ಫಿಸಿಯೋಥೆರಪಿಯವರು ಕನ್ನಡಿಯ ಮುಂದೆ ಕೂರಿಸಿ ತುಟಿ ಬಿಗಿಯುವ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಮಾಡುತ್ತಾರೆ. ಮತ್ತೆ ಊದಬಹುದೇ ಎಂದು ಬಸವೇಶ್ವರನಗರದ ಡಾಕ್ಟರನ್ನು ಅವರೇ ಕೇಳಿದರು. ಬಿಪಿ ಹೀಗೇ ಹತೋಟಿಯಲ್ಲಿ ಉಳಿಯಲಿ, ನರರೋಗ ತಜ್ಞರು ಒಪ್ಪಲಿ, ಆಮೇಲೆ ನೋಡೋಣ ಎಂದು ಡಾಕ್ಟರು ಹೇಳಿದರು. ಮಾಘದ ಮುಹೂರ್ತಗಳಿಗೆ ಡೋಲಿನವರು ತುಮಕೂರಿನ ಕಡೆಯ ಒಬ್ಬರನ್ನು ನಾದಸ್ವರಕ್ಕೆ ಕರೆಸಿಕೊಂಡಿದ್ದಾರೆ. ಅದನ್ನು ಹೇಳಲು ಮನೆಗೆ ಬಂದವರು ಕಾಫಿ ಕುಡಿದು, ಹೇಳದೆಯೇ ಎದ್ದು ಹೋದರು. ಫೋನಿನಲ್ಲಿ ಅಕ್ಕನಿಗೆ ಹೇಳಿದರು.

ಈ ಬುಧವಾರ ನಾನು ಹೋಗಿದ್ದೆ. ಬಿಪಿ ನೂರ ಇಪ್ಪತ್ತಾರು, ಎಂಬತ್ತು. ಕೆಮ್ಮು ಇಲ್ಲ. ಬಲಗಡೆಯ ತುಟಿ ಇನ್ನೂ ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ.