ಮೇಲವಂಕಿಯ ಕಲ್ಲು

ಎಂ.ಎ. ಮುಗಿಸಿ ಶಾಸನಗಳ ಮೇಲೆ ಸಂಶೋಧನೆಗೆ ತೊಡಗಿದ್ದಾಗ ಗೋಕಾಕ ಕಡೆಯ ಹಳ್ಳಿಗಳನ್ನು ತಿರುಗುತ್ತಿದ್ದೆ. ಮೇಲವಂಕಿಯಲ್ಲಿ ಬಾಳಪ್ಪ ಎಂಬ ರೈತರ ಹೊಲದ ಬದುವಿನಲ್ಲಿ, ಅಲ್ಲಿಯವರೆಗೆ ಯಾರೂ ಓದಿರದ ಕಲ್ಲೊಂದು ಸಿಕ್ಕಿತು. ನನ್ನ ಪ್ರಬಂಧಕ್ಕೆ ಅದೇ ಜೀವಾಳವಾಗುವಂತಿತ್ತು.

"ಅಕ್ಷರ ಭಾಳ ಸವದಾವ್ರಿ. ಕಾಗದ, ಮಸಿ ತಂದು ಅಚ್ಚು ತಗೀಬೇಕು. ಮತ್ತ ಬರ್ತೀನಿ" ಎಂದು ಹೇಳಿ ಹೊರಟೆ. ಯುದ್ಧದ ಕಾಲ, ಕಾಗದಕ್ಕೆ ಬರ. ಮುಂಬೈ ವಿಶ್ವವಿದ್ಯಾಲಯದಿಂದ ಅದು ಮಂಜೂರಾಗುವಷ್ಟರಲ್ಲಿ ಸುಗ್ಗಿಯೇ ಮುಗಿದಿತ್ತು.

ಮತ್ತೆ ಹೋದಾಗ ಬಾಳಪ್ಪನವರು ಊರ ಹೊರಗೇ ಕಾದಿದ್ದರು.

"ಬರ್ರಿ ಸಾಹೇಬ್ರ, ನಿಮಗ ಓದಾಕ ತ್ರಾಸ ಆಗಬಾರದಂತ ಒಂದು ಕೆಲಸಾ ಮಾಡಿಸೇನಿ!"

ಬೀಸುಕಲ್ಲು ಮಾಡುವ ಕಲ್ಲುಕುಟಿಗನನ್ನು ಕರೆಸಿ, ಸವೆದ ಅಕ್ಷರಗಳನ್ನೆಲ್ಲ ಬೆರಳು ಹುದುಗುವಷ್ಟು ಆಳವಾಗಿ ಕೆತ್ತಿಸಿದ್ದರು. ಪಾಪ, ಆತನಿಗೆ ಓದು ಬರುತ್ತಿರಲಿಲ್ಲ. ಗೆರೆ ಕಂಡಂತೆ ಉಳಿ ಓಡಿಸಿದ್ದ. ಹಳೆಯ ಒಂದಕ್ಷರವೂ ಉಳಿದಿರಲಿಲ್ಲ.

"ಈಗ ಚೊಲೋ ಕಾಣತಾವಲ್ರಿ? ಏನ್ ಬರದಾರ್ರಿ?" ಎಂದು ಅವರು ಆಸೆಯಿಂದ ನನ್ನ ಮುಖ ನೋಡಿದರು.

"ಯಾರೋ ಪುಣ್ಯಾತ್ಮರು ಕೆರಿಗೆ ಭೂಮಿ ಬಿಟ್ಟಾರ್ರಿ" ಎಂದೆ. ಇರಲೂಬಹುದು, ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ಬಾಳಪ್ಪನವರು ಕಲ್ಲಿಗೆ ಕೈಮುಗಿದರು. ಅವರ ಮನಸ್ಸು ನೋಯಿಸಲಾರದೆ ಅಚ್ಚನ್ನೂ ತೆಗೆದುಕೊಂಡೆ.

ಮುಂಬೈಯಲ್ಲಿ ನನ್ನ ಪ್ರೊಫೆಸರು ಆ ಕಾಗದವನ್ನು ನಾಲ್ಕೂ ಕಡೆ ತಿರುಗಿಸಿ, "ಇದು ಯಾವ ಲಿಪಿಯಪ್ಪಾ?" ಎಂದರು.

"ಪ್ರೀತಿಯ ಲಿಪಿ ಸರ್, ಓದಲಿಕ್ಕೆ ಬರುವುದಿಲ್ಲ" ಎಂದೆ. ಪ್ರಬಂಧದಲ್ಲಿ ಒಂದು ಅಧ್ಯಾಯ ಕಡಿಮೆಯಾಯಿತು.